ಗುಡಿಸೋ ಬಸ್ಸು

೯ ಜೂನ್

ಕಡ್ಡಿ,

ಬದುಕಿದ್ದೀಯಾ? ಓಟ ಮುಗಿದ ಮಾರನೆಯ ದಿನ ರೈಲು ಹತ್ತಿದವನು, ಆಮೇಲೆ ಸುದ್ದಿಯೇ ಇಲ್ಲ. ಫೋನ್ ಮಾಡಿದಾಗಲೆಲ್ಲ ‘ನೀವು ಕರೆ ಮಾಡುತ್ತಿರುವ ಚಂದಾದಾರರು’ ಎಂದು ಶುರು ಮಾಡುವ ಆ ಹೆಂಗಸೇ ಸಿಗುತ್ತಾಳೆ. ಈಗ ಅವಳೇ ನನಗೆ ಹತ್ತಿರದ ನೆಂಟಳಾಗಿದ್ದಾಳೆ. ಸುರಂಗದೊಳಗೆ ಸಿಗ್ನಲ್ ಇಲ್ಲ ಅನ್ನುತ್ತೀಯ, ಒಪ್ಪಿದೆ. ಊಟಕ್ಕೆ, ನಿದ್ದೆಗೆ ಹೊರಗೆ ಬರುತ್ತೀಯಲ್ಲ ಮಹಾರಾಯ? ಬೆಟ್ಟ ಕೊರೆಯುವವನಿಗೆ ಅಕ್ಕನ ನಂಬರು ಒತ್ತಲು ಬೆರಳಿನಲ್ಲಿ ಶಕ್ತಿ ಇಲ್ಲವಾ? ಅದಕ್ಕೇ ಈ ಕಾಗದ.

ನನ್ನ ಕ್ಷೇಮ ಕೇಳು. ಕಾಲಿನ ಎರಡು ಉಗುರು ಕಪ್ಪಾಗಿ ಉದುರಿಹೋದವು. ಒಂದು ವಾರ ಅಂಗಡಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ನಮ್ಮ ಕನ್ನಡಕದಂಗಡಿಯ ಯಜಮಾನರು ನೋಡಿ, “ಏನಮ್ಮಾ, ಗಾಡಿ ರಿವರ್ಸ್ ಗೇರಲ್ಲೇ ಸಿಕ್ಕಾಕ್ಕೊಂಡಿದ್ಯಾ?” ಅಂದರು. ಆದರೂ ಒಳ್ಳೆಯ ಮನುಷ್ಯ, ದಿನವಿಡೀ ನಿಂತು ಗಾಜು ತಿಕ್ಕುವವಳಿಗೆ ಯಂತ್ರದ ಮುಂದೆ ಒಂದು ಸ್ಟೂಲು ಹಾಕಿಸಿಕೊಟ್ಟರು. ನಿನ್ನ ಭಾವ ಫ್ರಿಜ್ ರಿಪೇರಿಗೆ ಹೋದ ಮನೆಯಲ್ಲೆಲ್ಲ ನನ್ನ ಮ್ಯಾರಥಾನ್ ಸುದ್ದಿ ಸಾರುತ್ತಿದ್ದಾರೆ. ಎಲ್ಲರಿಗಿಂತ ಕೊನೆಯಲ್ಲಿ ಬಂದಳು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಆ ಕೊನೆಯನ್ನು ನಾನು ಮರೆತಿಲ್ಲ ಕಣೋ. ನಾವು ಬರುವಷ್ಟರಲ್ಲಿ ಕಮಾನು ಬಿಚ್ಚಿದ್ದರು, ಕುರ್ಚಿ ಮಡಚಿ ಲಾರಿಗೆ ತುಂಬುತ್ತಿದ್ದರು, ಗೆರೆಯ ಪಟ್ಟಿಯನ್ನೂ ಸುತ್ತಿಟ್ಟಿದ್ದರು. ನನಗೆ ಅಳುವೇ ಬಂತು. ನೀನು ಬಾಟಲಿಯ ನೀರನ್ನು ರಸ್ತೆಗೆ ಅಡ್ಡಲಾಗಿ ಸುರಿದು, “ಇದೇ ಗೆರೆ ಕಣಕ್ಕಾ. ಒಣಗೋದ್ರೊಳಗೆ ದಾಟು” ಅಂದೆ. ದಾಟಿದ ಮೇಲೆ ಇಬ್ಬರೂ ಫುಟ್‌ಪಾತ್ ಮೇಲೆ ಕೂತು ಹುಚ್ಚರ ಹಾಗೆ ನಕ್ಕೆವು. ನಕ್ಕು ನಕ್ಕು ನಿನಗೆ ಕೆಮ್ಮು ಹತ್ತಿತು. “ಮುಂದಿನ ಸಲ ಬೆಟ್ಟದ ಮ್ಯಾರಥಾನ್. ನಾನು ಪಕ್ಕದಲ್ಲೇ ಇರ್ತೀನಿ” ಅಂದೆ.

ಅದು ಬಾಯಿಮಾತಾ, ನಿಜವಾ? ನಿಜವಾದರೆ ನಾಳೆಯಿಂದಲೇ ಶುರು ಮಾಡುತ್ತೇನೆ. ನೀನು ಪಕ್ಕದಲ್ಲಿ ಇರುವುದಿಲ್ಲವೆಂದರೆ ನನಗೆ ಬೆಟ್ಟವೂ ಬೇಡ, ಗುಡ್ಡವೂ ಬೇಡ. ನಾವಿಬ್ಬರು ಅಷ್ಟು ಹೊತ್ತು ಒಟ್ಟಿಗಿದ್ದು ಎಷ್ಟು ವರ್ಷವಾಗಿತ್ತು ಹೇಳು. ಅಮ್ಮ ಹೋದ ಮೇಲೆ ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ನಿನ್ನ ಜೊತೆ ಮಾತಾಡಬೇಕಾದರೆ ಬೆಳಗಿನಿಂದ ಮಧ್ಯಾಹ್ನದ ತನಕ ಓಡಬೇಕಾಯಿತು.

ಅಕ್ಕ

೨ ಜುಲೈ

ಅಕ್ಕಾ,

ಬದುಕಿದ್ದೇನೆ. ಬೈಗುಳ ಕ್ಷೇಮವಾಗಿ ತಲುಪಿತು. ಇಲ್ಲಿ ಫೋನಿನ ಪಾಡು ಕೇಳಬೇಡ, ಸಿಗ್ನಲ್ ಬೇಕೆಂದರೆ ನೀರಿನ ಟ್ಯಾಂಕ್ ಹತ್ತಿ ನಿಲ್ಲಬೇಕು. ನಮಗೆ ಕಾಗದವೇ ವಾಸಿ. ಫೋನಿನಲ್ಲಾದರೆ ನೀನು ಬೈಯುವಾಗ ನಾನು ನಡುವೆ ಬಾಯಿ ಹಾಕುತ್ತೇನೆ, ಕಾಗದದಲ್ಲಿ ಪೂರ್ತಿ ಬೈಸಿಕೊಳ್ಳುತ್ತೇನೆ. ಇನ್ನು ಮೇಲೆ ಸುರಂಗದ ಸೈಟಿಗೆ ಬರೆಯಬೇಡ, ಅಲ್ಲಿ ಟಪಾಲು ಕಳೆದುಹೋಗುತ್ತದೆ. ಲಕೋಟೆಯ ಹಿಂದೆ ಅಂಚೆಪೆಟ್ಟಿಗೆಯ ನಂಬರು ಬರೆದಿದ್ದೇನೆ, ಅದಕ್ಕೆ ಹಾಕು.

ಬೆಟ್ಟದ ಓಟ ಬಾಯಿಮಾತಲ್ಲ. ಫೆಬ್ರವರಿಯಲ್ಲಿದೆ. ಅದು ಮೊದಲಿನ ಹಾಗೆ ಚಪ್ಪಟೆ ರಸ್ತೆಯಲ್ಲ ಅಕ್ಕ, ಸುತ್ತಿ ಸುತ್ತಿ ಏರುತ್ತಲೇ ಹೋಗುತ್ತದೆ, ಗೆರೆ ಇರುವುದು ತುದಿಯಲ್ಲಿ. ಕೊನೆಯವರ ಹಿಂದೆ ಒಂದು ಬಸ್ಸು ತೆವಳುತ್ತಾ ಬರುತ್ತದೆ. ಓಡುವವರು ಅದನ್ನು ಗುಡಿಸೋ ಬಸ್ಸು ಅನ್ನುತ್ತಾರೆ. ಅದರ ವೇಗ ನಿಗದಿಯಾಗಿರುತ್ತದೆ. ಅದರ ಮೂತಿ ನಿನ್ನನ್ನು ದಾಟಿತೋ, ಹಾರ್ನ್ ಹೊಡೆದು ಹತ್ತಿಸಿಕೊಳ್ಳುತ್ತಾರೆ, ಆಟ ಮುಗಿಯಿತು. ಗೆಲ್ಲುವ ಚಿಂತೆ ನಮಗಿಲ್ಲ. ಆ ಬಸ್ಸಿಗೆ ಸಿಗದಿದ್ದರೆ ಆಯಿತು.

ವಾರಕ್ಕೊಂದು ದಿನ ಉದ್ದ ಓಟ, ಎರಡು ದಿನ ಏರು ಹತ್ತುವುದು, ಉಳಿದ ದಿನ ಮಾತಾಡಿಕೊಂಡು ಓಡುವಷ್ಟು ನಿಧಾನ. ನಾನೂ ದಿನಾ ಬೆಳಗ್ಗೆ ಇಲ್ಲಿನ ಘಟ್ಟದ ರಸ್ತೆಯಲ್ಲಿ ಓಡುತ್ತಿದ್ದೇನೆ. ನಿನ್ನೆ ಮೂರನೆಯ ತಿರುವಿನ ಮೈಲಿಗಲ್ಲು ಮುಟ್ಟಿ ನಿಲ್ಲದೆ ವಾಪಸು ಬಂದೆ.

ಭಾವನಿಗೆ ಹೇಳು, ಮಡದಿಯ ಸುದ್ದಿ ಸಾರುವುದರ ಜೊತೆಗೆ ಬಾಟಲಿ ಹಿಡಿದು ಸೈಕಲ್ಲೂ ತುಳಿಯಬೇಕು ಅಂತ.

ಕಡ್ಡಿ

೨೧ ಜುಲೈ

ಕಡ್ಡಿ,

ನಮ್ಮ ಊರೋ ಮಣೆಯ ಹಾಗೆ ಸಪಾಟು. ಏರು ಎಲ್ಲಿಂದ ತರಲಿ? ಕೊನೆಗೆ ನಿನ್ನ ಭಾವನಿಗೇ ಹೊಳೆಯಿತು. ಮಾರುಕಟ್ಟೆಯ ಹಿಂದೆ ಕಾರು ನಿಲ್ಲಿಸುವ ಬಹುಮಹಡಿ ಕಟ್ಟಡವಿದೆಯಲ್ಲ, ಅದರ ಇಳಿಜಾರಿನಲ್ಲಿ ಕೆಳಗಿನಿಂದ ತಾರಸಿಯ ತನಕ ಓಡುತ್ತೇನೆ, ಇಳಿಯುತ್ತೇನೆ, ಮತ್ತೆ ಓಡುತ್ತೇನೆ. ಮೊದಲ ದಿನ ಕಾವಲುಗಾರ ಸುಮ್ಮನೆ ನೋಡಿದ. ಎರಡನೆಯ ಸುತ್ತಿಗೆ ಎದ್ದು ಬಂದು, “ಗಾಡಿ ಎಲ್ಲಿ ನಿಲ್ಸಿದ್ರಿ ಅನ್ನೋದು ಮರ್ತೋಯ್ತಾ ಅಮ್ಮಾ? ನಂಬರ್ ಹೇಳಿ, ನಾನು ಹುಡುಕ್ತೀನಿ” ಅಂದ. ಈಗ ಅವನೂ ನಮ್ಮ ಕಡೆಯವನು, ಮೇಲಿಂದ ಕಾರು ಇಳಿಯುವಾಗ ಸೀಟಿ ಊದಿ ಎಚ್ಚರಿಸುತ್ತಾನೆ.

ಪೆಟ್ರೋಲಿನ ಹೊಗೆ, ಕತ್ತಲು, ಮೇಲೆ ಹೋದಂತೆಲ್ಲ ಸ್ವಲ್ಪ ಬೆಳಕು. ತಾರಸಿಗೆ ಬಂದಾಗ ಪಕ್ಕದಲ್ಲಿ ನೀನಿದ್ದೀಯ ಅಂದುಕೊಂಡು ಏನಾದರೂ ಒಂದು ಮಾತಾಡುತ್ತೇನೆ. ನಿನ್ನ ಭಾವ ಕೇಳಿಸಿಕೊಂಡು, “ನನಗಾ?” ಅಂದರು. “ನಿಮಗಲ್ಲ, ನಿಮ್ಮ ಭಾಮೈದನಿಗೆ” ಅಂದೆ.

ನೀರಿನ ಟ್ಯಾಂಕ್ ಹತ್ತಿ ಒಂದೇ ಒಂದು ಸಲ ಫೋನ್ ಮಾಡೋ. ದನಿ ಕೇಳಿ ತುಂಬಾ ದಿನವಾಯಿತು.

ಅಕ್ಕ

೨೬ ಆಗಸ್ಟ್

ಅಕ್ಕಾ,

ಉತ್ತರ ತಡವಾಯಿತು. ಕೆಲಸ ಜಾಸ್ತಿ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ.

ಪಾರ್ಕಿಂಗ್ ಕಟ್ಟಡದ ಸುದ್ದಿ ಓದಿ ನಕ್ಕೆ. ಇಲ್ಲಿದ್ದ ಉಳಿದವರಿಗೂ ಓದಿ ಹೇಳಿದೆ. ಈಗ ಅವರೆಲ್ಲ ನಿನ್ನ ಪಾರ್ಟಿ. “ನಿಮ್ಮಕ್ಕ ಇವತ್ತು ಎಷ್ಟನೇ ಮಹಡಿ ಹತ್ತಿದ್ರು?” ಅಂತ ಕೇಳುತ್ತಾರೆ.

ನನ್ನ ಓಟ ಚೆನ್ನಾಗಿ ಸಾಗಿದೆ. ಮೂರನೆಯ ತಿರುವು ದಾಟಿ ಈಗ ಒಂಟಿ ಮರದ ತನಕ ಹೋಗುತ್ತೇನೆ. ಬೆಳಗ್ಗೆ ಮಂಜು ಇರುತ್ತದೆ, ಹಾಲಿನ ವ್ಯಾನು ದೀಪ ಹಾಕಿಕೊಂಡು ಎದುರಿಗೆ ಇಳಿಯುತ್ತದೆ. ಮರದ ಹತ್ತಿರ ತಲುಪುವಾಗ ಬಿಸಿಲು ಬಂದಿರುತ್ತದೆ. ಹೋದ ತಿಂಗಳಿಗಿಂತ ಬೇಗ ತಲುಪುತ್ತಿದ್ದೇನೆ. ನೀನೂ ಒಂದೊಂದು ಸುತ್ತು ಹೆಚ್ಚಿಸುತ್ತಾ ಹೋಗು. ನೀನು ಓಡಿದ್ದನ್ನು ಬರೆದಷ್ಟೂ ನನಗೆ ಇಲ್ಲಿ ಹುಮ್ಮಸ್ಸು. ಸಣ್ಣಸಣ್ಣದೂ ಬಿಡದೆ ಬರೆ.

ಕಡ್ಡಿ

೧೪ ಸೆಪ್ಟೆಂಬರ್

ಲೋ ಕಳ್ಳಾ,

ಸಿಕ್ಕಿಬಿದ್ದೆ! ನೀನು ಫೋನ್ ಮಾಡಲಿಲ್ಲ, ಅದಕ್ಕೆ ನಾನೇ ನಿಮ್ಮ ಸುರಂಗದ ಕಂಪನಿಯ ಆಫೀಸಿಗೆ ಮಾಡಿದೆ. ಗುಮಾಸ್ತ ಏನಂದ ಗೊತ್ತಾ? “ಅವರು ಲಾಂಗ್ ಲೀವಲ್ಲಿದಾರೆ ಮೇಡಂ, ಕೆಲಸಕ್ಕೆ ಬರ್ತಿಲ್ಲ” ಅಂದ. ಯಾಕೆ ಅಂದರೆ, “ಪರ್ಸನಲ್” ಅಂದ. ನಾನು ಕನ್ನಡಕದಂಗಡಿಯವಳು ಕಣೋ, ಕಣ್ಣು ಸರಿಯಾಗಿಯೇ ಕಾಣುತ್ತದೆ. ಗುಟ್ಟಾಗಿ ರಜೆ, ಹೊಸ ವಿಳಾಸ, ಮನೆ ತುಂಬ ‘ಉಳಿದವರು’, ಕಾಗದಗಳಲ್ಲಿ ಇದ್ದಕ್ಕಿದ್ದಂತೆ ಮಂಜು, ಮರ, ಬಿಸಿಲು! ಯಾರೋ ಅವಳು? ಮದುವೆಯೂ ಆಗಿಬಿಟ್ಟಿದೆಯಾ? ಆಗಿದ್ದರೂ ಬೈಯುವುದಿಲ್ಲ. ಸ್ವಲ್ಪ ಬೈಯುತ್ತೇನೆ, ಆಮೇಲೆ ಸುಮ್ಮನಾಗುತ್ತೇನೆ. ನಿನ್ನ ಭಾವ, “ಕಡ್ಡೀನೂ ಗುಡ್ಡ ಮಾಡಿಬಿಟ್ನಲ್ಲೇ!” ಅಂತ ನಗುತ್ತಿದ್ದಾರೆ.

ಓಟಕ್ಕೆ ಅವಳನ್ನೂ ಕರೆದುಕೊಂಡು ಬಾ. ಅವಳ ಕಣ್ಣಿಗೆ ನಂಬರಿದ್ದರೆ ಬರೆ, ಗಾಜನ್ನು ನನ್ನ ಕೈಯಾರೆ ತಿಕ್ಕಿ ಕನ್ನಡಕ ಮಾಡಿ ಕಳಿಸುತ್ತೇನೆ. ನಾದಿನಿಯ ಮೊದಲ ಉಡುಗೊರೆ.

ನಿನ್ನ ವೇಗ ಓದಿ ನನಗೆ ನಾಚಿಕೆಯಾಯಿತು. ನಿನ್ನ ಪಕ್ಕದಲ್ಲಿ ಓಡಬೇಕಾದವಳು ಹೀಗೆ ತೆವಳಿದರೆ ನೀನು ನನಗಾಗಿ ಮತ್ತೆ ಎಳೆದಾಡಬೇಕಲ್ಲ. ಅದಕ್ಕೆ ನಾನೂ ಸುತ್ತು ಹೆಚ್ಚಿಸಿದ್ದೇನೆ, ನಿಧಾನದ ದಿನಗಳನ್ನು ಬಿಟ್ಟಿದ್ದೇನೆ. ಎಡಗಾಲಿನ ಮೊಣಕಾಲ ಕೆಳಗೆ ಸ್ವಲ್ಪ ಹಿಡಿದುಕೊಂಡ ಹಾಗಿದೆ. ಅದೇನೂ ಇಲ್ಲ, ಎಣ್ಣೆ ತಿಕ್ಕಿದರೆ ಹೋಗುತ್ತದೆ.

ಅಕ್ಕ

೧೦ ಅಕ್ಟೋಬರ್

ಅಕ್ಕಾ,

ನಿನ್ನ ಕೈಗೆ ಸಿಕ್ಕ ಮೇಲೆ ಇನ್ನೇನು ಹೇಳಲಿ. ಹೌದು, ಒಬ್ಬರಿದ್ದಾರೆ. ಬೆಳಗ್ಗೆ ಎಲ್ಲಕ್ಕಿಂತ ಮೊದಲು ಬಂದು ನನ್ನ ಬೆರಳು ಹಿಡಿಯುತ್ತಾರೆ. ಸರಿಯಾಗಿ ತಿನ್ನದಿದ್ದರೆ ಗದರುತ್ತಾರೆ. ಹೇಳದೆ ಕೇಳದೆ ಹೊರಗೆ ಕಾಲಿಟ್ಟರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಾರೆ. ನಿನ್ನ ಹಾಗೆಯೇ. ಅದಕ್ಕೇ ನನಗೆ ಇಲ್ಲಿ ಪರವೂರು ಅನಿಸುವುದಿಲ್ಲ. ಕನ್ನಡಕದ ವಿಷಯ ಹೇಳಿದಾಗ ತುಂಬ ಸಂತೋಷಪಟ್ಟರು. ನಂಬರಿನ ಚೀಟಿ ಇದರ ಜೊತೆಗಿದೆ.

ಕಾಲಿಗೆ ಎಣ್ಣೆ ಸಾಲದು. ನೋವಿರುವ ದಿನ ಓಡಬೇಡ, ಕೇಳಿಸಿತಾ? ನನ್ನ ವೇಗಕ್ಕೂ ನಿನಗೂ ಸಂಬಂಧವಿಲ್ಲ. ನಿನ್ನ ಪಾಡಿಗೆ ನೀನು ಓಡು.

ಕಡ್ಡಿ

೨ ಡಿಸೆಂಬರ್

ತಮ್ಮಾ,

ಕನ್ನಡಕ ಕಳಿಸಿದ್ದೇನೆ, ತಲುಪಿರಬೇಕು. ಗಾಜು ತಿಕ್ಕುವಾಗಲೇ ನನ್ನ ಕೈ ನಿಂತಿತು. ಅದು ಹತ್ತಿರದ್ದನ್ನು ಓದಲು ಹಾಕುವ ಗಾಜು. ಆ ನಂಬರು ಅಜ್ಜಿಯರದು. ಇಷ್ಟು ವರ್ಷ ಇದೇ ಕೆಲಸ ಮಾಡಿದವಳ ಹತ್ತಿರವಾ ಆಟ? ನಿನ್ನ ಜೊತೆ ಯಾವ ಹುಡುಗಿಯೂ ಇಲ್ಲ. ನಾನು ಊಹಿಸಿದ್ದನ್ನೇ ಹಿಡಿದುಕೊಂಡು ನನ್ನನ್ನು ಕುಣಿಸಿದೆ.

ಹಾಗಾದರೆ ರಜೆ ಯಾಕೆ? ಫೋನ್ ಯಾಕಿಲ್ಲ? ಓಟದ ಆಫೀಸಿಗೆ ಕೇಳಿದೆ. ನನ್ನ ಹೆಸರು ಪಟ್ಟಿಯಲ್ಲಿದೆ, ನಿನ್ನದಿಲ್ಲ. ನನಗೆ ಈಗ ಅರ್ಥವಾಯಿತು. ಮೊದಲ ಸಲ ನನ್ನ ಜೊತೆ ಓಡಿ, ಕಮಾನು ಬಿಚ್ಚಿದ ಮೇಲೆ ಬಂದವನು ಅನ್ನಿಸಿಕೊಂಡೆ. ಅಷ್ಟು ಚೆನ್ನಾಗಿ ಓಡುವವನಿಗೆ ಅದು ಅವಮಾನ ತಾನೆ? ಅದನ್ನು ಬಾಯಿಬಿಟ್ಟು ಹೇಳಲು ಆಗದೆ ಹೀಗೆ ಸುತ್ತಿ ಬಳಸಿ ದಿನ ತಳ್ಳುತ್ತಿದ್ದೀಯ. ಅಕ್ಕ ಭಾರವಾದಳು ಅಂತ ನೇರವಾಗಿ ಹೇಳಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಬರುತ್ತೀಯಾ, ಇಲ್ಲವಾ? ಒಂದೇ ಪದದಲ್ಲಿ ಬರೆ. ನಾನು ದಿನಾ ಓಡುತ್ತಿದ್ದೇನೆ, ಚೆನ್ನಾಗಿದ್ದೇನೆ. ನನ್ನ ಕಾಲಿನ ಬಗ್ಗೆ ನಿನ್ನ ಭಾವ ಏನಾದರೂ ಬರೆದರೆ ನಂಬಬೇಡ. ಆ ಮನುಷ್ಯ ಎಕ್ಸ್‌ರೇ ಫಿಲ್ಮನ್ನು ಕಿಟಕಿಗೆ ಹಿಡಿದುಕೊಂಡು ತಾನೇ ಡಾಕ್ಟರಾದ ಹಾಗೆ ಆಡುತ್ತಿದ್ದಾರೆ.

ಅಕ್ಕ

೨೯ ಡಿಸೆಂಬರ್

ಅಕ್ಕಾ,

ಬರುತ್ತೇನೆ.

ನೀನು ಭಾರ ಅಲ್ಲ. ಇದನ್ನು ಬರೆಯಲು ಎಷ್ಟು ಹಾಳೆ ಹರಿದೆನೋ. ಎದುರಿಗೆ ಸಿಕ್ಕಾಗ ಎಲ್ಲ ಹೇಳುತ್ತೇನೆ, ಆಗ ಹೊಡೆಯುವುದಾದರೆ ಹೊಡಿ.

ಬೆಟ್ಟದ ಮೇಲೆ ಗಾಳಿ ತೆಳುವು. ಆದಷ್ಟು ಮುಂಚೆ ಬಂದು ಅಲ್ಲಿನ ಗಾಳಿಗೆ ಒಗ್ಗಿಕೊಂಡರೆ ಉಸಿರಾಟ ಸುಲಭ. ಓಟದ ದಿನ ಏನೇ ಆಗಲಿ ಹಿಂದಕ್ಕೆ ತಿರುಗಿ ನೋಡಬೇಡ. ಬಸ್ಸು ಎಷ್ಟು ದೂರದಲ್ಲಿದೆ ಅಂತ ನೋಡಿದವರ ಕಾಲು ಅಲ್ಲೇ ಸೋಲುತ್ತದೆ.

ಕಡ್ಡಿ

೪ ಫೆಬ್ರವರಿ

ಅಕ್ಕಾ,

ಕೂತುಕೊಂಡು ಓದು. ಭಾವ ಪಕ್ಕದಲ್ಲಿರಲಿ. ಎದುರಿಗೆ ಸಿಕ್ಕಾಗ ಹೇಳುತ್ತೇನೆ ಅಂದಿದ್ದೆ, ಆದರೆ ಎದುರಿಗೆ ನನ್ನ ಬಾಯಿಂದ ಅಷ್ಟು ಮಾತು ಹೊರಡುವುದಿಲ್ಲ. ಈಗ ಹಾಕಿದರೆ ನೀನು ಹೊರಡುವ ಮೊದಲು ಇದು ತಲುಪುತ್ತದೆ.

ಆ ಮೊದಲ ಓಟದ ನಂತರ ನಾನು ಒಂದು ಹೆಜ್ಜೆಯೂ ಓಡಿಲ್ಲ. ಎದೆರೋಗದ ಆಸ್ಪತ್ರೆಯಲ್ಲಿದ್ದೇನೆ, ಪೂರ್ತಿ ವಿಳಾಸ ಕೆಳಗಿದೆ. ಸುರಂಗ ಕೊರೆಯುವಾಗ ಏಳುವ ಕಲ್ಲಿನ ಧೂಳು ಶ್ವಾಸಕೋಶದೊಳಗೆ ಕೂತು ಗಟ್ಟಿಯಾಗಿದೆ. ಅದನ್ನು ತೆಗೆಯುವ ಔಷಧಿ ಇಲ್ಲವಂತೆ. ಮೊದಲ ಓಟದ ಹೊತ್ತಿಗೇ ಶುರುವಾಗಿತ್ತು. ಅವತ್ತು ನಾನು ನಿನಗಾಗಿ ನಿಧಾನಕ್ಕೆ ಓಡಿದೆ ಅಂತ ನೀನು ಎಲ್ಲರ ಹತ್ತಿರ ಹೊಗಳಿದೆಯಲ್ಲ, ನನ್ನಿಂದ ಆಗುತ್ತಿದ್ದುದೇ ಅಷ್ಟು.

ಘಟ್ಟದ ರಸ್ತೆ ನಮ್ಮ ವಾರ್ಡಿನ ಕಿಟಕಿಯಿಂದ ಕಾಣುತ್ತದೆ. ಮೈಲಿಗಲ್ಲು, ಒಂಟಿ ಮರ, ಹಾಲಿನ ವ್ಯಾನು, ಎಲ್ಲ ಮಲಗಿದಲ್ಲಿಂದಲೇ ನೋಡಿ ಬರೆದದ್ದು. ಸಿಗ್ನಲ್ ಚೆನ್ನಾಗಿಯೇ ಇದೆ. ನನ್ನ ದನಿ ಕೇಳಿದರೆ ಒಂದೇ ನಿಮಿಷದಲ್ಲಿ ನಿನಗೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ಫೋನ್ ಬೇಡವೆಂದೆ. ಬೆರಳು ಹಿಡಿಯುವವರು ನಮ್ಮ ನರ್ಸಮ್ಮ. ಬೆರಳಿಗೆ ಕ್ಲಿಪ್ಪು ಹಾಕಿ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ನೋಡುತ್ತಾರೆ. ಅವರಿಗೆ ಮೊಮ್ಮಕ್ಕಳಿದ್ದಾರೆ. ನೀನು ಮಾಡಿದ ಕನ್ನಡಕ ಹಾಕಿಕೊಂಡೇ ನನ್ನ ಚಾರ್ಟು ಓದುತ್ತಾರೆ.

ನಾನು ಓಡುತ್ತಿಲ್ಲ ಎಂದು ತಿಳಿದರೆ ನೀನೂ ಬಿಟ್ಟುಬಿಡುತ್ತೀಯ ಅಂತ ಸುಳ್ಳು ಬರೆದೆ. ಆ ಸುಳ್ಳನ್ನು ಹಿಂದೆ ಹಾಕಲು ಹೋಗಿ ನೀನು ಕಾಲು ಕೆಡಿಸಿಕೊಂಡೆ. ಭಾವ ಬರೆದಿದ್ದರು, ಮೂಳೆ ಬಿರುಕು ಬಿಟ್ಟಿದೆ ಅಂತ. ಆವತ್ತಿನಿಂದ ನನಗೆ ನೆಮ್ಮದಿ ಇಲ್ಲ.

ಆದರೂ ನಾನು ಬರುತ್ತಿದ್ದೇನೆ ಅಕ್ಕ. ಇಲ್ಲಿಂದ ಬೆಟ್ಟಕ್ಕೆ ಅರ್ಧ ದಿನದ ದಾರಿ. ಓಟ ನಡೆಸುವವರಿಗೆ ಬರೆದು ಕೇಳಿಕೊಂಡೆ, ಗುಡಿಸೋ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟು ಕೊಟ್ಟಿದ್ದಾರೆ. ಡಾಕ್ಟರು ಬೈದರು, ಕೊನೆಗೆ ಸಣ್ಣ ಸಿಲಿಂಡರ್ ಮತ್ತು ಮಾಸ್ಕ್ ಕೊಟ್ಟು ಒಪ್ಪಿದರು. ಪಕ್ಕದಲ್ಲಿ ಓಡಲು ಆಗುವುದಿಲ್ಲ, ಹಿಂದೆಯೇ ಇರುತ್ತೇನೆ. ಬಸ್ಸು ಕಂಡಾಗ ಒಮ್ಮೆ ಕೈ ಬೀಸು. ಈ ಕಾಗದ ಓದಿದ್ದೀಯ, ನನ್ನ ಮೇಲೆ ಕೋಪವಿಲ್ಲ ಅಂತ ತಿಳಿದುಕೊಳ್ಳುತ್ತೇನೆ. ನಾನಿದ್ದೇನೆ ಅಂತ ಮಾತ್ರ ಬಸ್ಸಿಗೆ ಸಿಕ್ಕಿಬೀಳಬೇಡ. ಇಷ್ಟು ಕಷ್ಟಪಟ್ಟು ತಯಾರಾಗಿದ್ದೀಯ, ನೀನು ಗೆರೆ ಮುಟ್ಟುವುದನ್ನು ನಾನು ನೋಡಬೇಕು.

ಕಡ್ಡಿ

೧೧ ಫೆಬ್ರವರಿ, ಬೆಟ್ಟದ ಕೆಳಗಿನ ಲಾಡ್ಜಿನಿಂದ

ತಮ್ಮಾ,

ನೀನು ಬರಲಿಲ್ಲ.

ಮುಂಚೆಯೇ ಬಂದು ಗಾಳಿಗೆ ಒಗ್ಗಿಕೋ ಅಂದೆ. ನಿನ್ನ ಮಾತು ಕೇಳಿ ಹತ್ತು ದಿನ ಮೊದಲೇ ಮನೆಗೆ ಬೀಗ ಹಾಕಿ ಇಬ್ಬರೂ ಬಂದೆವು. ದಿನಾ ಸಂಜೆ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿದೆ. ಇವತ್ತು ಬೆಳಗ್ಗೆ ಓಟ ಶುರುವಾಗುವ ತನಕ ನಿನ್ನ ಭಾವ ಗುಂಪಿನಲ್ಲಿ “ಕಡ್ಡೀ, ಕಡ್ಡೀ” ಅಂತ ಕೂಗಿಕೊಂಡು ಓಡಾಡಿದರು. ಜನ ನಕ್ಕರು.

ಬಿಟ್ಟು ಹೊರಟುಹೋಗೋಣ ಅಂದೆ. ಅವರೇ, “ಬರ್ತೀನಿ ಅಂತ ಬರ್ದಿದಾನಲ್ಲ, ತುದೀಲಿ ಗೆರೆ ಹತ್ರ ನಿಂತಿರ್ತಾನೇನೋ” ಅಂದರು. ಆ ಒಂದು ಮಾತಿನ ಮೇಲೆ ಬೆಟ್ಟ ಹತ್ತಿದೆ. ಕಾಲಿನ ಕಥೆ ಬರೆಯುವುದಿಲ್ಲ. ಅರ್ಧ ದಾರಿಗೇ ನಾನು ಎಲ್ಲರಿಗಿಂತ ಹಿಂದೆ ಬಿದ್ದೆ. ಆಮೇಲೆ ನಾನು ಮತ್ತು ಆ ಹಾಳು ಬಸ್ಸು, ಇಬ್ಬರೇ. ನೀನು ಹೇಳಿದ ಹಾಗೆ ಒಂದು ಸಲವೂ ತಿರುಗಿ ನೋಡಲಿಲ್ಲ. ಅದರ ಇಂಜಿನ್ನಿನ ಬಿಸಿ ಬೆನ್ನಿಗೆ ತಾಗುತ್ತಿತ್ತು. ಅದಕ್ಕೆ ನಾನು ಹಾಕದ ಶಾಪವಿಲ್ಲ. ನಿನ್ನ ಟೈರು ಒಡೆಯಲಿ, ನೀನು ಕೆಟ್ಟು ಕೂರು ಅಂತ ಬೈದುಕೊಂಡೇ ಓಡಿದೆ.

ಕೊನೆಯ ಏರಿನಲ್ಲಿ ಕಾಲು ಊರಲಾಗದೆ ನಡೆಯುತ್ತಿದ್ದೆ. ಬಸ್ಸು ಪಕ್ಕಕ್ಕೇ ಬಂದುಬಿಟ್ಟಿತ್ತು. ಒಳಗಿನಿಂದ ಯಾರೋ ಗಾಜು ತಟ್ಟಿದ ಹಾಗೆ ಕೇಳಿಸಿತು, ಹತ್ತು ಅಂತ ಕರೆಯುತ್ತಿದ್ದಾರೆ ಅಂದುಕೊಂಡೆ. ನನ್ನ ಕಥೆ ಮುಗಿಯಿತು ಅನ್ನುವಾಗ ಬಸ್ಸು ಇದ್ದಕ್ಕಿದ್ದಂತೆ ನಿಂತಿತು. ಹಿಂದೆ ಏನೋ ಕೂಗಾಟ, ಬಾಗಿಲು ತೆಗೆದ ಸದ್ದು. ಕೆಟ್ಟು ನಿಂತಿತು, ಪೀಡೆ ತೊಲಗಿತು ಅಂತ ಎರಡೂ ಕೈ ಎತ್ತಿ ಮುಗಿದು ಓಡಿದೆ.

ಗೆರೆ ಹತ್ತಿರ ಎಲ್ಲ ಮುಖಗಳನ್ನೂ ನೋಡಿದೆ. ನೀನಿರಲಿಲ್ಲ.

ಇನ್ನು ಮೇಲೆ ನಿನಗೆ ಬರೆಯುವುದಿಲ್ಲ. ನಿನ್ನ ಭಾವ ಕಾಲಿಗೆ ಐಸು ತರಲು ಹೋಗಿದ್ದಾರೆ. ಅವರು ಬರುವುದರೊಳಗೆ ಅತ್ತು ಮುಗಿಸಬೇಕು.

ಅಕ್ಕ

೧೬ ಫೆಬ್ರವರಿ

ಕಡ್ಡಿ,

ನೀನು ಬಾಯಿ ತೆರೆದರೆ ನನ್ನನ್ನು ಹೊರಗೆ ಹಾಕುತ್ತೇನೆ ಅಂದಿದ್ದಾರೆ ನರ್ಸಮ್ಮ. ಅದಕ್ಕೇ ನಿನ್ನ ಮಂಚದ ಪಕ್ಕದಲ್ಲೇ ಕೂತು ಕಾಗದ ಬರೆಯುತ್ತಿದ್ದೇನೆ. ಓದಿ ಇದೇ ಹಾಳೆಯಲ್ಲಿ ಕೆಳಗೆ ಬರೆ. ಮಾಸ್ಕ್ ಮುಟ್ಟಬೇಡ.

ನಿನ್ನ ಕಾಗದ ಬಾಗಿಲ ಸಂದಿಯಲ್ಲಿ ಬಿದ್ದಿತ್ತು. ಮೊನ್ನೆ ಮನೆಗೆ ಹೋಗಿ ಬೀಗ ತೆಗೆದಾಗ ಸಿಕ್ಕಿತು. ಓದಿ ಮುಗಿಸಿ ಹಾಗೇ ರೈಲು ಹತ್ತಿದೆವು.

ಅಕ್ಕಾ, ಕಾಲಿಗೆ ಪ್ಲಾಸ್ಟರ್ ಹಾಕಿದಾರಾ? ತೋರಿಸು. ನೀನು ಕೈ ಬೀಸಲಿಲ್ಲ. ಕಾಗದ ಓದಿ ಕೋಪ ಬಂದಿದೆ ಅಂದ್ಕೊಂಡೆ.

ಕಡ್ಡಿ, ನೀನಿದ್ದೀಯ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲೋ. ದಾರಿಯುದ್ದಕ್ಕೂ ನಿನ್ನಿಂದಲೇ ತಪ್ಪಿಸಿಕೊಂಡು ಓಡಿದೆ. ನಿನಗೇ ಶಾಪ ಹಾಕಿದೆ. ಗಾಜು ತಟ್ಟಿದ್ದು ನೀನಾ?

ಹೂಂ. ಹತ್ತು ಅಂತ ಅಲ್ಲ. ಓಡು ಅಂತ.

ಬಸ್ಸು ಯಾಕೆ ನಿಂತಿತು?

ಉಸಿರು ಸಿಗಲಿಲ್ಲ.

ಸಿಲಿಂಡರ್ ಇತ್ತು ಅಂತ ಬರೆದಿದ್ದೆಯಲ್ಲ. ಖಾಲಿಯಾಯಿತಾ?

ಇಲ್ಲ ಅಕ್ಕಾ. ಬೈಬೇಡ. ಬಸ್ಸಿನ ಮೂತಿ ನಿನ್ನ ಭುಜದ ಹತ್ರ ಬಂದಿತ್ತು. ಒಂಚೂರು ನಿಲ್ಸಪ್ಪಾ ಅಂತ ಡ್ರೈವರಿಗೆ ಹೇಳಿದೆ. ಬಸ್ಸಲ್ಲಿ ಯಾರಿಗಾದ್ರೂ ಜೀವಕ್ಕೆ ತೊಂದ್ರೆ ಆದ್ರೆ ಮಾತ್ರ ನಿಲ್ಸಬಹುದು, ಇಲ್ದಿದ್ರೆ ನನ್ನ ಕೆಲಸ ಹೋಗುತ್ತೆ ಅಂದ. ಹಾರ್ನಿಗೆ ಕೈ ಹಾಕಿದ. ಆಗ ಮಾಸ್ಕ್ ತೆಗೆದುಬಿಟ್ಟೆ. ಬರೀ ಐದು ನಿಮಿಷಕ್ಕೆ ಅಂದ್ಕೊಂಡಿದ್ದೆ. ಆಮೇಲೆ ಹಾಕ್ಕೊಳ್ಳೋಕೆ ಕೈ ಬರಲಿಲ್ಲ. ನೀನು ಮುಗಿಸಿದೆ ತಾನೆ?

ಕಡ್ಡಿ, ಮುಗಿಸಬೇಕು ಅಂತ ನಾನು ಯಾವ ಕಾಗದದಲ್ಲಿ ಬರೆದಿದ್ದೆ? ಎಲ್ಲವನ್ನೂ ದಿಂಬಿನ ಕೆಳಗೇ ಇಟ್ಟುಕೊಂಡಿದ್ದೀಯಲ್ಲ, ತೆಗೆದು ತೋರಿಸು. ಬಾ ಅಂತ ಬರೆದೆ. ಪಕ್ಕದಲ್ಲಿರು ಅಂತ ಬರೆದೆ. ಕಿಟಕಿಯಿಂದ ಒಂದು ಸಲ ‘ಅಕ್ಕಾ’ ಅಂದಿದ್ದರೆ ಅಲ್ಲೇ ಹತ್ತಿ ನಿನ್ನ ಪಕ್ಕದಲ್ಲಿ ಕೂತುಬಿಡುತ್ತಿದ್ದೆನಲ್ಲೋ. ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಗೆರೆ ಇಟ್ಟುಕೊಂಡು ನಾನೇನು ಮಾಡಲಿ?

ನನಗೆ ಹೊಳೀಲೇ ಇಲ್ಲ ಅಕ್ಕಾ.

ಹೋಗಲಿ ಬಿಡು. ಅಳಬೇಡ, ಉಸಿರು ಕಟ್ಟುತ್ತದೆ. ಪೆನ್ನು ಕೊಡು. ಈಗ ಪಕ್ಕದಲ್ಲೇ ಇದ್ದೇನಲ್ಲ, ಮಲಗು.

ನಿನಗೆ ನಿದ್ದೆ ಹತ್ತಿತು. ಎದ್ದ ಮೇಲೆ ಓದಲಿ ಅಂತ ಇದೊಂದನ್ನು ಬರೆಯಲು ಹೊರಟೆ, ಈಗ ಇದನ್ನು ನಿನಗೆ ಕೊಡಬಾರದು ಅನಿಸುತ್ತಿದೆ. ರಾತ್ರಿ ಇಲ್ಲೇ ಇರಲಾ ಅಂತ ಕೇಳಲು ಡಾಕ್ಟರ ಹತ್ತಿರ ಹೋಗಿದ್ದೆ. ನಾನು ಕೇಳುವ ಮೊದಲೇ ಅವರು, “ಇರಿ” ಅಂದರು.